ಹತ್ತು ಸಲ ಬರೆಸಬೇಡಿ, ದಿನ ಬಿಟ್ಟು ಕೇಳಿ

ಸೋಮವಾರ ಶಾಲೆಯಲ್ಲಿ ಉಕ್ತಲೇಖನ ಇದೆ ಎಂದರೆ ಭಾನುವಾರ ರಾತ್ರಿ ಎಷ್ಟೋ ಮನೆಗಳಲ್ಲಿ ನಡೆಯುವುದು ಒಂದೇ ಕೆಲಸ: ಇಪ್ಪತ್ತು ಪದ, ಒಂದೊಂದನ್ನೂ ಹತ್ತು ಸಲ ಬರೆಸುವುದು. ಮಗು ಮರುದಿನ ಹದಿನೆಂಟು ಅಂಕ ತರುತ್ತದೆ, ಮನೆಯವರಿಗೆ ಸಮಾಧಾನ. ಅದೇ ಪದಗಳನ್ನು ಮೂರು ವಾರ ಕಳೆದು ಕೇಳಿದರೆ ಮಗು ತಬ್ಬಿಬ್ಬಾಗುತ್ತದೆ. ಆಗ ‘ಇವನಿಗೆ ಗಮನವೇ ಇಲ್ಲ’ ಎಂಬ ಬೈಗುಳ. ಮಗುವಿನ ತಲೆಯಲ್ಲಿ ಯಾವ ದೋಷವೂ ಇಲ್ಲ, ನಾವು ಕಲಿಸಿದ ದಿನಗಳ ಲೆಕ್ಕ ತಪ್ಪಿದೆ.

ಈ ಲೆಕ್ಕ ಹೊಸದೇನಲ್ಲ. ಜರ್ಮನಿಯ ಹರ್ಮನ್ ಎಬಿಂಗ್‌ಹಾಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ ನೋಡಿ, ಕಲಿತ ಹೊಸತರಲ್ಲೇ ಮರೆವು ಅತಿ ವೇಗ, ದಿನಗಳಿಗೆ ಹಂಚಿ ಓದಿದರೆ ಕಡಿಮೆ ಸಲ ಓದಿದರೂ ಸಾಕು ಎಂದು 1885ರಲ್ಲೇ ಪ್ರಕಟಿಸಿದ್ದರು. 2011ರಲ್ಲಿ ಕೆನಡಾದ ಐದನೇ ತರಗತಿ ಮಕ್ಕಳ ಮೇಲೆ ನಡೆದ ಅಧ್ಯಯನವೊಂದು ಹೊರಬಂತು. ಅಪರೂಪದ ಇಂಗ್ಲಿಷ್ ಪದಗಳಲ್ಲಿ ಕೆಲವನ್ನು ಬೆನ್ನುಬೆನ್ನಿಗೆ ಎರಡು ಸಲ ಕಲಿಸಿದರು, ಉಳಿದವನ್ನು ಒಂದು ವಾರದ ಅಂತರ ಕೊಟ್ಟು ಎರಡು ಸಲ. ಐದು ವಾರಗಳ ಬಳಿಕ ಮೊದಲ ಬಗೆಯ ಪದಗಳಲ್ಲಿ ನೆನಪಿದ್ದದ್ದು ಶೇ 7.5, ಎರಡನೆಯದರಲ್ಲಿ ಶೇ 20.8. ಹೆಚ್ಚುಕಡಿಮೆ ಮೂರು ಪಟ್ಟು. ಅಂತರ ಕೊಟ್ಟರೂ ಐದರಲ್ಲಿ ಒಂದೇ ಪದ ಉಳಿಯಿತಲ್ಲ ಎಂದು ಕೇಳಬಹುದು. ಎರಡು ಸಲ ಸಾಲದು ಎಂಬುದಕ್ಕೇ ಅದು ಸಾಕ್ಷಿ. ಮತ್ತೆ ಮತ್ತೆ, ಅಂತರ ಹೆಚ್ಚಿಸುತ್ತಾ ಕೇಳಬೇಕು.

ಮನೆಯಲ್ಲಿ ಮಾಡುವುದು ಹೀಗೆ. ಹಳೆಯ ಲಗ್ನಪತ್ರಿಕೆಗಳನ್ನು ಅಂಗೈಯಗಲ ಚೀಟಿಗಳಾಗಿ ಕತ್ತರಿಸಿಕೊಳ್ಳಿ. ಮೂರು ಖಾಲಿ ಡಬ್ಬ ಬೇಕು. ಚೀಟಿಯ ಒಂದು ಬದಿಗೆ ಪದ, ಇನ್ನೊಂದು ಬದಿಗೆ ಅರ್ಥ ಮತ್ತು ಮಗುವೇ ಹೇಳಿದ ಒಂದು ವಾಕ್ಯ. ಗೈಡಿನಿಂದ ನಕಲು ಮಾಡಿದ ಅರ್ಥ ಬೇಡ. ‘ಕಣಜ’ಕ್ಕೆ ‘ಧಾನ್ಯ ಸಂಗ್ರಹಿಸುವ ಸ್ಥಳ’ ಎಂದು ಬರೆಸುವುದಕ್ಕಿಂತ ‘ಅಜ್ಜಿ ಊರಲ್ಲಿ ಭತ್ತ ತುಂಬಿಡ್ತಾರಲ್ಲ, ಅದು’ ಎಂದು ಮಗು ಹೇಳಿದ್ದನ್ನೇ ಬರೆಯಿರಿ. ದಿನಕ್ಕೆ ಹೊಸ ಪದ ಐದು ಸಾಕು, ಕನ್ನಡ ಇಂಗ್ಲಿಷ್ ಎರಡೂ ಸೇರಿ. ಆಸೆಗೆ ಬಿದ್ದು ಹದಿನೈದು ಮಾಡಿದರೆ ಎರಡನೇ ವಾರಕ್ಕೆ ಡಬ್ಬ ತುಂಬಿ, ಮಗುವೂ ನೀವೂ ಕೈಬಿಡುತ್ತೀರಿ.

ಹೊಸ ಚೀಟಿ ಮೊದಲ ಡಬ್ಬಕ್ಕೆ. ಅದನ್ನು ದಿನಾ ಕೇಳಿ. ಸರಿ ಹೇಳಿದ ಚೀಟಿ ಎರಡನೇ ಡಬ್ಬಕ್ಕೆ ಹೋಗುತ್ತದೆ, ಅದರ ಸರದಿ ಬುಧವಾರ ಮತ್ತು ಶನಿವಾರ. ಅಲ್ಲೂ ಸರಿ ಹೇಳಿದರೆ ಮೂರನೆಯದಕ್ಕೆ, ಅದು ಹದಿನೈದು ದಿನಕ್ಕೊಮ್ಮೆ. ಎಲ್ಲಿ ತಪ್ಪಿದರೂ ಚೀಟಿ ವಾಪಸ್ ಮೊದಲ ಡಬ್ಬಕ್ಕೆ. ಇದು ಪತ್ರಕರ್ತ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಜರ್ಮನ್ ಭಾಷೆಯ ಪುಸ್ತಕವೊಂದರಲ್ಲಿ ವಿವರಿಸಿದ ವಿಧಾನ. ಅವರದು ಐದು ಖಾನೆ. ಪ್ರಾಥಮಿಕ ಶಾಲೆಯ ಮಕ್ಕಳಿಗೆ ಮೂರೇ ಸರಿ ಎಂಬುದು ನನ್ನ ಅನುಭವ.

ಡಬ್ಬ, ಚೀಟಿ, ವಾರ ಎಲ್ಲ ಸರಿಯಿದ್ದೂ ಕೆಲಸ ಕೆಡುವುದು ದೊಡ್ಡವರ ಆತುರದಿಂದ. ‘ಹಂಬಲ ಅಂದ್ರೇನು ಪುಟ್ಟಾ?’ ಎಂದು ಕೇಳಿ ಎರಡು ಸೆಕೆಂಡ್ ಕಾಯುವುದಿಲ್ಲ, ‘ಆ... ಆಸೆ...’ ಎಂದು ನಾವೇ ಬಾಯಿಗೆ ಹಾಕುತ್ತೇವೆ. ಮಗು ‘ಹ್ಞಾಂ, ತುಂಬಾ ಆಸೆ!’ ಎನ್ನುತ್ತದೆ, ಚೀಟಿ ಮುಂದಿನ ಡಬ್ಬಕ್ಕೆ ಹೋಗುತ್ತದೆ. ಅಲ್ಲಿ ನೆನಪಿಸಿಕೊಂಡದ್ದು ಮಗುವಲ್ಲ, ನೀವು. ಪದ ಗಟ್ಟಿಯಾಗುವುದು ನೆನಪಿಗೆ ಬಾರದೆ ಒದ್ದಾಡುವ ಆ ಹೊತ್ತಿನಲ್ಲೇ. ಮಗು ಸೂರು ನೋಡುತ್ತಾ, ತುಟಿ ಕಚ್ಚುತ್ತಾ ಕುಳಿತರೆ ಅಯ್ಯೋ ಪಾಪ ಎನಿಸುವುದು ಸಹಜ. ಆದರೂ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಬಾರದಿದ್ದರೆ ಮೊದಲಕ್ಷರದ ಸುಳಿವು ಬೇಡ, ಉತ್ತರವನ್ನೇ ಪೂರ್ತಿ ಹೇಳಿಬಿಡಿ, ಮಗು ಅದನ್ನು ತನ್ನದೇ ವಾಕ್ಯದಲ್ಲಿ ಬಳಸಲಿ, ಚೀಟಿ ಮೊದಲ ಡಬ್ಬಕ್ಕೆ ಬೀಳಲಿ. ಸುಳಿವು ಪಡೆದು ಹೇಳಿದ್ದನ್ನು ‘ಬಂತು’ ಎಂದು ಎಣಿಸುವ ಹಾಗಿಲ್ಲ. ಚೀಟಿ ತಿರುಗಿಸಿ ನೋಡಿ ‘ನಂಗೆ ಗೊತ್ತಿತ್ತು’ ಎನ್ನುವುದಕ್ಕೂ ಇದೇ ನಿಯಮ. ಮಕ್ಕಳು ಸುಳ್ಳು ಹೇಳುವುದಿಲ್ಲ. ಕಣ್ಣಿಗೆ ಬಿದ್ದ ಉತ್ತರ ಪರಿಚಿತವೆನಿಸಿ, ಮೊದಲೇ ನೆನಪಿತ್ತೆಂದು ನಿಜವಾಗಿಯೂ ನಂಬಿರುತ್ತಾರೆ. ಉತ್ತರ ಬಾಯಿಂದ ಬರುವವರೆಗೂ ಚೀಟಿ ನಿಮ್ಮ ಕೈಯಲ್ಲೇ ಇರಲಿ.

ಇನ್ನು ವಾಪಸ್ ಬಂದ ಚೀಟಿಯ ವಿಷಯ. ‘ಮತ್ತೆ ಮರೆತೆಯಾ?’ ಎಂಬ ಮಾತು ಒಮ್ಮೆ ಬಂದರೂ ಮಗು ಡಬ್ಬವನ್ನೇ ಮುಚ್ಚಿಡುತ್ತದೆ. ಒಂದಷ್ಟು ಮರೆತು ಮತ್ತೆ ನೆನೆಯುವುದೇ ಈ ವಿಧಾನದ ಜೀವ, ಅದಕ್ಕಾಗಿ ಗದರಿಸುವುದು ಅನ್ಯಾಯ. ಅಕ್ಕಪಕ್ಕದ ಮನೆಯ ಮಗುವಿನ ಡಬ್ಬದೊಂದಿಗೆ ಹೋಲಿಕೆಯಂತೂ ಬೇಡವೇ ಬೇಡ.

ಜಾತ್ರೆ, ಜ್ವರ, ನೆಂಟರು ಎಂದು ನಾಲ್ಕು ದಿನ ತಪ್ಪಿತೆನ್ನಿ. ಬಾಕಿಯನ್ನೆಲ್ಲ ಒಂದೇ ಸಂಜೆ ತೀರಿಸಲು ಹೋಗಬೇಡಿ. ಹೊಸ ಪದ ನಿಲ್ಲಿಸಿ, ಹಳೆಯ ಚೀಟಿಗಳನ್ನು ಹತ್ತು ನಿಮಿಷಕ್ಕಾಗುವಷ್ಟೇ ಕೇಳಿ.

ಒಂದು, ಎರಡನೇ ತರಗತಿಯವರಿಗೆ ಅರ್ಥ ಬರೆಸದೆ ಚಿತ್ರ ಬಿಡಿಸಲು ಹೇಳಿ. ಮೂರರಿಂದ ಮೇಲಿನವರಿಗೆ ಆಗಾಗ ಅರ್ಥ ಹೇಳಿ ಪದ ಕೇಳಿ, ಕಾಗುಣಿತವನ್ನೂ ಬರೆಸಿ. ಶಿಕ್ಷಕರು ಚೀಟಿಯಿಲ್ಲದೆಯೂ ಇದನ್ನು ಮಾಡಬಹುದು: ಹತ್ತು ಪದಗಳ ಉಕ್ತಲೇಖನದಲ್ಲಿ ನಾಲ್ಕು ಈ ವಾರದ್ದು, ಮೂರು ಹೋದ ವಾರದ್ದು, ಮೂರು ಹೋದ ತಿಂಗಳದ್ದು. ಯಾವ ಹಳೆಯ ಪದ ಬರುತ್ತದೆಂದು ಮುಂಚೆ ಹೇಳಬೇಡಿ.