ಎಫ್/2.8 ಮತ್ತು ಎಫ್/4: ಅಭಿಪ್ರಾಯದಿಂದ ಲೆಕ್ಕಕ್ಕೆ

ಹತ್ತನೇ ತರಗತಿಯ ಮಸೂರದ ಪಾಠಕ್ಕೆ ಪೂರಕವಾಗಿ, ಕ್ಯಾನನ್‌ನ 70–200 ಮಿ.ಮೀ. ಜೂಮ್ ಲೆನ್ಸ್ ಬಗ್ಗೆ ಛಾಯಾಗ್ರಾಹಕರು ಸಾಮಾನ್ಯವಾಗಿ ಆಡುವ ಎರಡು ಮಾತುಗಳನ್ನು ಕಪ್ಪುಹಲಗೆಯ ಮೇಲೆ ಬರೆದೆ: ಮಂದ ಬೆಳಕಿಗೆ ಎಫ್/2.8 ಆಗಲೇಬೇಕು, ಅದನ್ನು ದಿನವಿಡೀ ಹಿಡಿದರೆ ಕೈ ಸೋಲುತ್ತದೆ, ಎಫ್/4 ಸಾಕು.

"ನಾಲ್ಕೇ ದೊಡ್ಡದಲ್ವಾ ಸರ್, ಅದರಲ್ಲೇ ಬೆಳಕು ಜಾಸ್ತಿ" ಎಂದಳು ಒಬ್ಬ ವಿದ್ಯಾರ್ಥಿನಿ. ಅವಧಿಯ ಬಹುಪಾಲು ಈ ಉತ್ತರಕ್ಕೇ ಹೋಯಿತು, ಹೋಗಬೇಕಾದದ್ದೇ. ಸಂಗಮದೂರವನ್ನು ದ್ಯುತಿರಂಧ್ರದ (ಮುಂದಿನಿಂದ ಕಾಣುವಷ್ಟರ) ವ್ಯಾಸದಿಂದ ಭಾಗಿಸಿದರೆ ಎಫ್ ಸಂಖ್ಯೆ. 200 ಮಿ.ಮೀ.ಗೆ ಎಫ್/2.8 ಎಂದರೆ ವ್ಯಾಸ ಸುಮಾರು 71 ಮಿ.ಮೀ.; ಎಫ್/4 ಎಂದರೆ 50. ರಟ್ಟಿನಲ್ಲಿ ಎರಡೂ ವೃತ್ತ ಕತ್ತರಿಸಿ ಒಂದರ ಮೇಲೊಂದು ಇಡಿಸಿದೆ. ವಿಸ್ತೀರ್ಣ ಸುಮಾರು ಎರಡರಷ್ಟು, ಹಾಗಾಗಿ ಬೆಳಕೂ ಎರಡರಷ್ಟು ಎಂದು ಅವಳೇ ಲೆಕ್ಕ ಹಾಕಿದಳು.

ಅಗಲದ ಗಾಜಿಗೆ ತೂಕವೂ ಹೆಚ್ಚು. ಇಎಫ್ ಸರಣಿಯ ಎಫ್/2.8 ಐಎಸ್ ಎರಡನೇ ಆವೃತ್ತಿ 1490 ಗ್ರಾಂ, ಎಫ್/4 ಐಎಸ್ ಮೊದಲ ಆವೃತ್ತಿ 760 ಗ್ರಾಂ. ಎರಡು ಮಾತಿಗೂ ಆಧಾರ ಸಿಕ್ಕಿತು.

ಹಿನ್ನೆಲೆ ಎಷ್ಟು ಮಸುಕಾದರೆ ಚೆಂದ ಎಂಬ ಮೂರನೇ ಮಾತನ್ನು ಪಾಠಯೋಜನೆಯಿಂದ ಕೈಬಿಟ್ಟಿದ್ದೆ. ಅದು ಚಿತ್ರಕಲಾ ಶಿಕ್ಷಕರ ಅವಧಿಗೆ ಸೇರಿದ್ದು.