ನಾಲಿಗೆ ತಡವರಿಸಿದರೂ ಕರೆ ನಿಲ್ಲುವುದಿಲ್ಲ



ನನಗೆ ಉಗ್ಗು ಇದೆ ಅಂತ ನಿಮ್ಮೆಲ್ಲರಿಗೂ ಗೊತ್ತು. ಈಗಲೂ ಕೆಲವು ಪದಗಳ ಮುಂದೆ ನಿಂತುಬಿಡ್ತೀನಿ, ನೀವು ಕಾಯ್ತೀರಿ. ನನ್ನ ಮೊದಲ ಇಂಟರ್‌ವ್ಯೂನಲ್ಲಿ ಯಾರೂ ಕಾಯಲಿಲ್ಲ. ನನ್ನ ಹೆಸರೇ ಬಾಯಿಂದ ಹೊರಡಲಿಲ್ಲ. "ಹೆಸರು ಮರೆತುಹೋಯ್ತಾ?" ಅಂತ ನಕ್ಕರು. ಆಮೇಲೆ ಎರಡು ವರ್ಷ, ಮಾತಾಡಬೇಕಾಗದ ಕೆಲಸವನ್ನೇ ಹುಡುಕಿದೆ. ಉಪವಾಸ ಮಾಡಿದೆ, ಪ್ರಾರ್ಥಿಸಿದೆ. "ನಿನಗೆ ವಿಶ್ವಾಸ ಸಾಲದು" ಅಂದವರೂ ಇದ್ದರು. ಆ ಮಾತು ಉಗ್ಗಿಗಿಂತ ಹೆಚ್ಚು ನೋಯಿಸಿತು.

ವಿಮೋಚನಕಾಂಡ 4ನೇ ಅಧ್ಯಾಯ ತೆಗೆಯಿರಿ. 10ನೇ ವಚನದಲ್ಲಿ ಮೋಶೆ ತನ್ನ ಮಾತಿನ ತೊಡಕನ್ನು ದೇವರ ಮುಂದೆ ಇಡುತ್ತಾನೆ. ದೇವರು ನಾಲಿಗೆ ಸರಿಮಾಡಿ ಕಳಿಸಿದರಾ? ಹಾಗಂತ ಬರೆದಿಲ್ಲ. ಜೊತೆಗಿರುತ್ತೇನೆ ಅಂದರು, ಅಣ್ಣ ಆರೋನನನ್ನು ಕೊಟ್ಟರು, ಹೋಗು ಅಂದರು. 6ನೇ ಅಧ್ಯಾಯದಲ್ಲೂ ಮೋಶೆ ಅದೇ ಮಾತು ಹೇಳ್ತಾನೆ. ಆದರೆ 7ನೇ ಅಧ್ಯಾಯದಲ್ಲಿ, 80 ವರ್ಷದವನಾಗಿ, ಫರೋಹನ ಮುಂದೆ ನಿಂತಿದ್ದಾನೆ!

ಉಗ್ಗು ಶಾಪವಲ್ಲ, ದಡ್ಡತನವೂ ಅಲ್ಲ. ಸಾಮಾನ್ಯವಾಗಿ 2ರಿಂದ 5 ವರ್ಷದೊಳಗೆ ಶುರುವಾಗುತ್ತದೆ. ಹೆಚ್ಚಿನ ಮಕ್ಕಳಲ್ಲಿ ಹೋಗುತ್ತದೆ. ದೊಡ್ಡವರಲ್ಲಿ ನೂರಕ್ಕೆ ಸುಮಾರು ಒಬ್ಬರಲ್ಲಿ ಉಳಿಯುತ್ತದೆ. ಭಯ ಅದನ್ನು ಹೆಚ್ಚಿಸಬಹುದು, ಆದರೆ ಭಯವೇ ಅದಕ್ಕೆ ಮೂಲವಲ್ಲ.

ಹಾಗಾದರೆ ಏನು ಮಾಡೋಣ?

ಒಂದು, ಮುಚ್ಚಿಡಬೇಡಿ. ಇಂಟರ್‌ವ್ಯೂ ಶುರುವಾಗುವಾಗಲೇ "ನನಗೆ ಉಗ್ಗು ಇದೆ, ಸ್ವಲ್ಪ ಸಮಯ ಬೇಕಾಗುತ್ತೆ" ಅಂತ ಹೇಳಿ. ನಾನು ಹಾಗೆ ಹೇಳಿದ ದಿನ ಕೆಲಸ ಸಿಗಲಿಲ್ಲ. ಆದರೆ ಅವತ್ತು ಮೊದಲ ಸಲ, ಹೇಳಬೇಕು ಅಂದುಕೊಂಡಿದ್ದನ್ನೆಲ್ಲ ಹೇಳಿ ಬಂದೆ. ಕೆಲಸ ಸಿಕ್ಕಿದ್ದು ನಾಲ್ಕನೇ ಕಡೆ.

ಎರಡು, ಚಿಕಿತ್ಸೆಗೆ ಹೋಗುವುದು ಅವಿಶ್ವಾಸ ಅಲ್ಲ. 1965ರಲ್ಲಿ ಶುರುವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಉಗ್ಗಿಗೂ ಚಿಕಿತ್ಸೆ ಇದೆ. ಅದು ಉಗ್ಗನ್ನು ಪೂರ್ತಿ ತೆಗೆಯದಿರಬಹುದು. ಮಾತಾಡುವ ಕಷ್ಟವನ್ನು ಹಗುರ ಮಾಡಬಹುದು.

ಮೂರು, ಇದು ಉಗ್ಗು ಇಲ್ಲದವರಿಗೆ. ನಿಮ್ಮ ಆಫೀಸಿನಲ್ಲಿ ಒಬ್ಬರು ತಡವರಿಸಿದರೆ ಅವರ ಮಾತನ್ನು ನೀವು ಮುಗಿಸಬೇಡಿ. "ನಿಧಾನ, ನಿಧಾನ" ಅನ್ನಬೇಡಿ. ಮುಖ ನೋಡುತ್ತಾ ಕಾಯಿರಿ. ಇವತ್ತಿನ ಆರೋನನ ಕೆಲಸ ಅಷ್ಟೇ.

ದೇವರು ಸ್ವಸ್ಥಮಾಡಬಲ್ಲರು ಅಂತ ನಾನು ಇವತ್ತಿಗೂ ನಂಬ್ತೀನಿ, ಬೇಡ್ತೀನಿ. ಆದರೆ ಸ್ವಸ್ಥನಾದ ಮೇಲೆ ಹೋಗ್ತೀನಿ ಅಂತ ಕೂತಿಲ್ಲ. ನೀವೂ ಕೂರಬೇಡಿ. ಮಾತಾಡೋಕೆ ಹೆದರಿ ಮುಂದೂಡಿದ ಆ ಒಂದು ಫೋನ್ ಕಾಲ್ ಈ ವಾರ ಮಾಡಿ.

ಬನ್ನಿ, ಪ್ರಾರ್ಥಿಸೋಣ. ಆಮೆನ್.