ಧೂಮಕೇತುವಿನ ಹಾದಿ ಹಿಡಿದ ಕ್ಷುದ್ರಗ್ರಹಗಳು: ಗಾತ್ರ, ಮೂಲ – ಮುಖ್ಯಾಂಶಗಳು

• ಧೂಮಕೇತುವಿನಂಥ ಉದ್ದನೆಯ ಕಕ್ಷೆಯಲ್ಲಿ ಸುತ್ತುತ್ತಿದ್ದರೂ ಅನಿಲದ ಹೊದಿಕೆಯಾಗಲಿ ಬಾಲವಾಗಲಿ ಕಾಣದ ಕಾಯಗಳಿವು.

• ಗುರುತಿಸುವುದು ಟಿಸರಾಂಡ್ ಸಂಖ್ಯೆಯಿಂದ. ಗುರುಗ್ರಹದ ಕಕ್ಷೆಗೆ ಹೋಲಿಸಿ ಲೆಕ್ಕ ಹಾಕುವ ಈ ಸಂಖ್ಯೆ ಸಾಮಾನ್ಯ ಕ್ಷುದ್ರಗ್ರಹಗಳಲ್ಲಿ 3ಕ್ಕಿಂತ ಹೆಚ್ಚು. 2ರಿಂದ 3ರೊಳಗಿದ್ದರೆ ಗುರು ಕುಟುಂಬದ ಧೂಮಕೇತುಗಳ ಕಕ್ಷೆ. 2ಕ್ಕಿಂತ ಕಡಿಮೆಯಿದ್ದರೆ ಹ್ಯಾಲಿ ಮಾದರಿ.

• ಮೊದಲ ಉದಾಹರಣೆ ಹಿಡಾಲ್ಗೊ. 1920ರಲ್ಲಿ ಜರ್ಮನಿಯ ವಾಲ್ಟರ್ ಬಾಡೆ ಕಂಡುಹಿಡಿದರು. ಪರಿಭ್ರಮಣ ಅವಧಿ ಸುಮಾರು 14 ವರ್ಷ. ಕಕ್ಷೆಯ ಓರೆ ಸುಮಾರು 42 ಡಿಗ್ರಿ. ಅಪರವಿಯಲ್ಲಿ, ಅಂದರೆ ಸೂರ್ಯನಿಂದ ಅತಿ ದೂರವಿದ್ದಾಗ, ಶನಿಯ ದೂರದವರೆಗೂ ಹೋಗುತ್ತದೆ. ವ್ಯಾಸ ಸುಮಾರು 50 ಕಿ.ಮೀ.; ಧೂಮಕೇತುಗಳ ನಾಭಿ ಹೆಚ್ಚಾಗಿ ಕೆಲವೇ ಕಿ.ಮೀ. ಇರುವುದರಿಂದ ಇದು ನಿಜಕ್ಕೂ ದೈತ್ಯ.

• ಗಾತ್ರ ಅಳೆಯುವುದು ಹೇಗೆ? ವಿದ್ಯಾರ್ಥಿಗಳು ಎಡವುವುದು ಇಲ್ಲೇ. ಹೊಳಪೊಂದರಿಂದಲೇ ಗಾತ್ರ ಹೇಳಲಾಗದು. ಚಿಕ್ಕದಾದರೂ ಬೆಳ್ಳಗಿನ ಕಲ್ಲು, ದೊಡ್ಡದಾದರೂ ಕಪ್ಪು ಕಲ್ಲು ದೂರದಿಂದ ಒಂದೇ ಹೊಳಪಿನಲ್ಲಿ ಕಾಣಬಹುದು. ಹೊಳಪು ಸಮನಿದ್ದಾಗ ವ್ಯಾಸವು ಪ್ರತಿಫಲನಾಂಶದ ವರ್ಗಮೂಲಕ್ಕೆ ವಿಲೋಮಾನುಪಾತದಲ್ಲಿರುತ್ತದೆ: ಶೇ. 25 ಬೆಳಕು ಮರಳಿಸುವ ಕಾಯಕ್ಕಿಂತ ಶೇ. 4 ಮರಳಿಸುವ ಕಾಯ 2.5 ಪಟ್ಟು ಅಗಲ. ಹೀರಿಕೊಂಡ ಬಿಸಿಲು ಶಾಖವಾಗಿ ಹೊರಬರುವುದರಿಂದ ಅವಕೆಂಪು ಅಳತೆಯೂ ಸಿಕ್ಕರೆ ಗಾತ್ರ, ಪ್ರತಿಫಲನಾಂಶ ಎರಡೂ ತಿಳಿಯುತ್ತವೆ. 2009ರ ಡಿಸೆಂಬರ್‌ನಲ್ಲಿ ನಾಸಾ ಹಾರಿಸಿದ ವೈಸ್ ದೂರದರ್ಶಕ ಮಾಡಿದ್ದು ಇದನ್ನೇ.

• ಮೂಲ: ಇವುಗಳಲ್ಲಿ ಬಹಳಷ್ಟು ಧೂಮಕೇತುವಿನ ನಾಭಿಯಷ್ಟೇ ಕಪ್ಪು, ಪ್ರತಿಫಲನ ಶೇ. 5ರ ಆಸುಪಾಸು. ಪ್ರತಿ ಸಲ ಸೂರ್ಯನ ಬಳಿ ಬಂದಾಗ ಮಂಜುಗಡ್ಡೆ ಆವಿಯಾಗಿ, ಹಾರಲಾರದ ದಪ್ಪ ಧೂಳು ಹೆಪ್ಪುಗಟ್ಟಿ, ಕೊನೆಗೆ ಒಳಗಿನ ಹಿಮಕ್ಕೆ ಬಿಸಿಲೇ ತಾಗದಂತಾಗುತ್ತದೆ. ಇದೇ ಸುಪ್ತ ಧೂಮಕೇತು.

• ಆದರೆ ಕಪ್ಪು ಬಣ್ಣವೊಂದೇ ಪುರಾವೆಯಲ್ಲ. ಕ್ಷುದ್ರಗ್ರಹ ಪಟ್ಟಿಯ ಹೊರ ಅಂಚಿನ ಕಲ್ಲುಗಳೂ ಕಪ್ಪೇ. ಗುರುವಿನ ಗುರುತ್ವ ಅವನ್ನೂ ಇಂಥ ಕಕ್ಷೆಗೆ ತಳ್ಳಬಲ್ಲದು.

• ಡ್ಯಾಮೊಕ್ಲಿಸ್: ಪತ್ತೆ 1991, ಅಪರವಿ ಯುರೇನಸ್ ಕಕ್ಷೆಯಾಚೆ. ಇದರಂಥ ಕಕ್ಷೆಯ ಕಾಯಗಳ ಮೂಲ ಸೌರಮಂಡಲದ ಅತಿ ಹೊರಗಿನ ಊರ್ಟ್ ಮೋಡ ಎಂಬ ಅಭಿಪ್ರಾಯ ಪ್ರಬಲ.

• ಡಾನ್ ಕಿಹೋಟೆ: ಪತ್ತೆ 1983, ವ್ಯಾಸ ಸುಮಾರು 18 ಕಿ.ಮೀ. ಮೂವತ್ತು ವರ್ಷ ಕ್ಷುದ್ರಗ್ರಹವೆಂದೇ ಕರೆಸಿಕೊಂಡಿತು. ಸ್ಪಿಟ್ಜರ್ ದೂರದರ್ಶಕ 2009ರಲ್ಲಿ ತೆಗೆದ ಚಿತ್ರಗಳಲ್ಲಿ ಮಸುಕಾದ ಬಾಲ, ಇಂಗಾಲದ ಡೈಆಕ್ಸೈಡಿನ ಸುಳಿವು ಸಿಕ್ಕಿದ್ದು 2013ರಲ್ಲಿ ಪ್ರಕಟವಾಯಿತು. ಮೂಲದ ಪ್ರಶ್ನೆಗೆ ಇಷ್ಟು ನೇರವಾದ ಉತ್ತರ ಸಿಗುವುದು ಅಪರೂಪ.

• ಗೊಂದಲ ಬೇಡ: ಜೆಮಿನಿಡ್ ಉಲ್ಕಾವೃಷ್ಟಿಯ ತಾಯಿಯಾದ ಫೇಥಾನ್‌ನ ಟಿಸರಾಂಡ್ ಸಂಖ್ಯೆ ಸುಮಾರು 4.5. ಅದು ಈ ಗುಂಪಿಗೆ ಸೇರದು.